ವಿದೇಶದ ದೊಡ್ಡ ರೆಸ್ಟೋರೆಂಟುಗಳಲ್ಲಿ ಮಧ್ಯಾಹ್ನದ ಊಟ: ಬಿಲ್ಲು ಏರೋದು ಎಲ್ಲಿ, ತಡೆಯೋದು ಹೇಗೆ?

ದೋಸೆಕಾವಲಿ

ಅಕ್ಟೋಬರಲ್ಲಿ ಪ್ಯಾರಿಸ್ 4 ದಿನ, ಮ್ಯಾಡ್ರಿಡ್ 3 ದಿನ. ಇಬ್ಬರು. ಒಬ್ಬರು ಎಲ್ಲಾ ತಿನ್ನುತ್ತಾರೆ, ಇನ್ನೊಬ್ಬರು ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಮಿಷಲಿನ್ ಸ್ಟಾರ್ (ಫ್ರಾನ್ಸಿನ ಮಿಷಲಿನ್ ಗೈಡು ಒಳ್ಳೆಯ ಅಡುಗೆಗೆ ಕೊಡುವ ದರ್ಜೆ) ಇರುವ ಕಡೆ ಒಂದೆರಡು ಸಲವಾದರೂ ಊಟ ಮಾಡಬೇಕು, ಆದರೆ ರಾತ್ರಿ ಊಟದ ದರ ನೋಡಿದರೆ ವಿಮಾನದ ಟಿಕೆಟ್ಟೇ ಅಗ್ಗ ಅನ್ನಿಸುತ್ತೆ. ತಲೆಗೆ 60 ಯೂರೋ ಒಳಗೆ ಆಗುತ್ತಾ? ಹೋಟೆಲಿನ ಹೆಸರಿನ ಪಟ್ಟಿ ಬೇಡ. ಬುಕಿಂಗ್, ಬಿಲ್ಲು, ಸಸ್ಯಾಹಾರ, ಈ ಮೂರರಲ್ಲಿ ಎಲ್ಲಿ ಎಡವುತ್ತೇವೆ ಅನ್ನೋದನ್ನು ಹೇಳಿ.

ಲೆಕ್ಕದಪುಸ್ತಕ

ಆಗುತ್ತೆ. ಆದರೆ ಮಧ್ಯಾಹ್ನ, ಅದೂ ವಾರದ ದಿನ. ಪ್ಯಾರಿಸ್ಸಿನ ಒಂದು ಸ್ಟಾರಿನ ಎಷ್ಟೋ ಅಡುಗೆಮನೆಗಳು ಮಧ್ಯಾಹ್ನಕ್ಕೆ 45ರಿಂದ 75 ಯೂರೋ ಒಳಗೆ ಒಂದರ ನಂತರ ಒಂದು ಬರುವ ಮೂರು ತಟ್ಟೆಯ ಊಟ ಕೊಡುತ್ತವೆ. ಅದೇ ಬಾಣಸಿಗರು, ಅದೇ ತಟ್ಟೆ, ಅದೇ ಮೇಜುಬಟ್ಟೆ. ರಾತ್ರಿ ಅಲ್ಲೇ ಕೂತರೆ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಮೇಲೆ. ಬಾಡಿಗೆ, ಸಂಬಳ ಹೇಗಿದ್ದರೂ ಕೊಡಲೇಬೇಕು, ಮಧ್ಯಾಹ್ನ ಮೇಜು ಖಾಲಿ ಬಿದ್ದರೆ ಅವರಿಗೇ ನಷ್ಟ. ಮೀನಿನ ದುಬಾರಿ ಭಾಗ ರಾತ್ರಿಗೆ, ಉಳಿದ ಒಳ್ಳೆ ಭಾಗ ಮಧ್ಯಾಹ್ನಕ್ಕೆ, ಹೀಗೆ ಸಾಮಾನು ಹಂಚಿಕೊಳ್ಳುತ್ತಾರೆ.

ಮೊದಲು ಪದ ಸರಿಮಾಡಿಕೊಳ್ಳಿ. ಫ್ರಾನ್ಸಿನಲ್ಲಿ ‘ಮೆನ್ಯು’ ಅಂದರೆ ತಿಂಡಿಗಳ ಪಟ್ಟಿ ಅಲ್ಲ, ನಿಗದಿ ದರದ ಪೂರ್ತಿ ಊಟ. ಪಟ್ಟಿಗೆ ‘ಲಾ ಕಾರ್ತ್’ ಅನ್ನುತ್ತಾರೆ. ‘ಆಂತ್ರೆ’ ಮೊದಲ ತಟ್ಟೆ, ‘ಪ್ಲಾ’ ಮುಖ್ಯ ತಟ್ಟೆ. ‘ಫೊರ್ಮುಲ್’ ಅಂದರೆ ಸಾಮಾನ್ಯವಾಗಿ ಎರಡೇ ತಟ್ಟೆ: ಆಂತ್ರೆ ಜೊತೆ ಪ್ಲಾ, ಇಲ್ಲವೇ ಪ್ಲಾ ಜೊತೆ ಸಿಹಿ. ಅಮೆರಿಕದಲ್ಲಿ ‘ಆಂತ್ರೆ’ ಅಂದರೆ ಮುಖ್ಯ ತಟ್ಟೆ, ಅದನ್ನೇ ನಂಬಿಕೊಂಡು ಪ್ಯಾರಿಸ್ಸಲ್ಲಿ ಆಂತ್ರೆ ಮಾತ್ರ ಹೇಳಿದರೆ ಹೊಟ್ಟೆಗೆ ಏನೂ ಸಾಲದು.

ಸಂಜೆಮಲ್ಲಿಗೆ

60 ಯೂರೋ ಊಟ ಅಂತ ಹೋಗಿ 100 ಕೊಟ್ಟು ಬಂದವರೇ ಜಾಸ್ತಿ. ಅದರ ಮೇಲೆ 10% ಟಿಪ್ಸ್ ಬೇರೆ ಇಡಬೇಕಲ್ಲ?

ಲೆಕ್ಕದಪುಸ್ತಕ

ಟಿಪ್ಸ್ ಇಡಬೇಕಾಗಿಲ್ಲ. ಫ್ರಾನ್ಸಿನಲ್ಲಿ ತಿಂಡಿಪಟ್ಟಿಯಲ್ಲಿ ಛಾಪಿಸಿದ ದರದೊಳಗೇ ತೆರಿಗೆಯೂ ಸರ್ವಿಸ್ಸೂ ಸೇರಿರುತ್ತೆ. ಬಿಲ್ಲಿನಲ್ಲಿ ‘ಸೆರ್ವಿಸ್ ಕೊಂಪ್ರಿ’ ಅಂತ ಇರೋದು ಅದಕ್ಕೇ. ಖುಷಿಯಾದರೆ ಕೆಲವು ಯೂರೋ ಇಟ್ಟು ಎದ್ದುಬನ್ನಿ, ಅಷ್ಟೇ.

60 ಹೋಗಿ 100 ಆಗೋದಕ್ಕೆ ಕಾರಣ ಬೇರೆ. ಊಟದ ದರ ನಿಗದಿ, ಅದು ಅಲ್ಲಾಡಲ್ಲ. ಮೇಜಿಗೆ ಬಂದು ನಯವಾಗಿ ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಬಿಲ್ಲು ಬೆಳೆಯುತ್ತೆ. ಉದಾಹರಣೆಗೆ ಇಬ್ಬರ ಲೆಕ್ಕ ಹಾಕೋಣ:

ಮಧ್ಯಾಹ್ನದ ಮೆನ್ಯು 48 × 2 = 96
ಕೂತ ತಕ್ಷಣ ‘ಅಪೆರಿತಿಫ್?’ (ಊಟಕ್ಕೆ ಮುಂಚೆ ಕುಡಿಯಲು ಏನಾದರೂ?) ಅಂತ ಕೇಳಿ ತಂದಿಟ್ಟ ಎರಡು ಗ್ಲಾಸ್ ಶಾಂಪೇನ್, 18 × 2 = 36
ಒಂದು ಬಾಟಲಿ ಮಿನರಲ್ ನೀರು, 9
ಒಂದೊಂದು ಗ್ಲಾಸ್ ವೈನ್, 14 × 2 = 28
ಕೊನೆಗೆ ಕಾಫಿ, 6 × 2 = 12
ಒಟ್ಟು 181

ಊಟ 96, ಉಳಿದ 85 ಬರೀ ಲೋಟದೊಳಗಿನದು. ಅಪೆರಿತಿಫ್ ಕೇಳಿದಾಗ ‘ನೋ, ಮೆರ್ಸಿ’ ಅಂದರೆ ಯಾರೂ ಮುಖ ಸಿಂಡರಿಸಲ್ಲ. ನಾಚಿಕೆಯಲ್ಲಿ ‘ಹ್ಞೂಂ’ ಅಂದರೆ 36 ಯೂರೋ ಹೋಯಿತು.

ಇದರಲ್ಲಿ ನೀರಿನದು ಜಾಣ ಪ್ರಶ್ನೆ. ‘ಪ್ಲಾತ್ ಊ ಪೆತಿಯಾಂತ್?’ ಅಂತ ಕೇಳುತ್ತಾರೆ, ಅಂದರೆ ಸಾದಾ ನೀರೋ ಗ್ಯಾಸ್ ನೀರೋ. ಎರಡರಲ್ಲಿ ಯಾವುದು ಹೇಳಿದರೂ ಬರೋದು ದುಡ್ಡಿನ ಬಾಟಲಿಯೇ. ಮೂರನೇ ಉತ್ತರ ನಾವೇ ಕೊಡಬೇಕು: ‘ಯೂನ್ ಕರಾಫ್ ದೋ, ಸಿಲ್ ವು ಪ್ಲೆ’. ನಲ್ಲಿ ನೀರು, ಹೂಜಿಯಲ್ಲಿ, ಪುಕ್ಕಟೆ. ಕುಡಿಯುವ ನೀರು ಉಚಿತವಾಗಿ ಸಿಗುತ್ತೆ ಅಂತ ಕಾಣುವ ಹಾಗೆ ತಿಳಿಸಬೇಕು ಅನ್ನೋದು 2022ರ ಜನವರಿಯಿಂದ ಅಲ್ಲಿ ಕಾನೂನು. ಕೆಲವು ಐಷಾರಾಮಿ ಕಡೆ ತಾವೇ ಸೋಸಿದ ನೀರಿಗೆ ತಲೆಗಿಷ್ಟು ಅಂತ ಹಾಕುತ್ತಾರೆ, ‘ಕರಾಫ್’ ಅನ್ನುವ ಪದ ಬಳಸಿದರೆ ಅದೂ ತಪ್ಪುತ್ತೆ.

ಪಟ್ಟಿಯಲ್ಲಿ ಯಾವುದಾದರೂ ತಟ್ಟೆಯ ಪಕ್ಕ ‘ಸುಪ್.’ ಅಂತ ಸಣ್ಣ ಅಕ್ಷರದಲ್ಲಿ +12 ಅಂತಿದ್ದರೆ ಅದು ಮೆನ್ಯು ದರದ ಮೇಲಿನ ಹೆಚ್ಚುವರಿ. ಟ್ರಫಲ್ (ದುಬಾರಿ ಅಣಬೆ), ಫ್ವಾ ಗ್ರಾ (ಬಾತುಕೋಳಿಯ ಯಕೃತ್ತು) ಇರುವ ತಟ್ಟೆಗಳಲ್ಲಿ ಹೀಗೆ. ಚೀಸ್ ತುಂಬಿದ ಗಾಡಿ ತಳ್ಳಿಕೊಂಡು ಬಂದರೆ, ಮೆನ್ಯುವಿನಲ್ಲಿ ‘ಫ್ರೊಮಾಜ್’ ಸೇರಿದೆಯಾ ಅಂತ ನೋಡಿಕೊಂಡು ಕೈ ತೋರಿಸಿ. ಮೊದಲಿಗೆ ಬರುವ ಪುಟ್ಟ ತುತ್ತುಗಳು, ಸಿಹಿಗೆ ಮುಂಚಿನ ಸಣ್ಣ ಬಟ್ಟಲು, ಕೊನೆಯ ಚಾಕಲೇಟು, ಮತ್ತೆ ಮತ್ತೆ ತರುವ ಬ್ರೆಡ್ಡು, ಇವಕ್ಕೆಲ್ಲ ಕಾಸಿಲ್ಲ.

ಧಾರವಾಡಪೇಡಾ

ಲೆಕ್ಕದವರು ಹೇಳಿದ್ದು ಖರೇ ಅದ. ಒಂದು ಸೇರಸ್ತೀನಿ ನೋಡ್ರಿ. ಅಲ್ಲಿ ಬಿಲ್ಲು ತಾನಾಗೇ ಬರೂದಿಲ್ಲ. ಊಟ ಮುಗದು ಅರ್ಧ ತಾಸು ಕುಂತ್ರೂ ತರೂದಿಲ್ಲ, ತಂದ್ರ ಗಿರಾಕಿಗೆ ‘ಏಳ್ರಿ’ ಅಂದಂಗ ಅಂತ ಅವರ ಲೆಕ್ಕ. ‘ಲಾದಿಸ್ಯೋಂ, ಸಿಲ್ ವು ಪ್ಲೆ’ ಅಂತ ನೀವೇ ಕೇಳಬೇಕು. ಮೂರು ತಟ್ಟಿ ಊಟಕ್ಕ ಎರಡರಿಂದ ಎರಡೂವರಿ ತಾಸು ಇಟ್ಕೋರಿ. ಮೂರು ಗಂಟೆಗೆ ಮ್ಯೂಸಿಯಂ ಟಿಕೆಟ್ ತಗೊಂಡು ಒಂದಕ್ಕ ಊಟಕ್ಕ ಕುಂತ್ರ, ಸಿಹಿ ಬಿಟ್ಟು ಓಡಬೇಕಾಗ್ತದ.

ಕೊಡೆಮಡಚಿದವ

ಬುಕಿಂಗ್ ಬಗ್ಗೆ.

ಹೆಚ್ಚಿನವರು ಒಂದರಿಂದ ಮೂರು ತಿಂಗಳು ಮುಂಚೆ ಕ್ಯಾಲೆಂಡರ್ ತೆರೆಯುತ್ತಾರೆ. ಮಧ್ಯಾಹ್ನದ ಮೇಜುಗಳು ರಾತ್ರಿಯಷ್ಟು ಬೇಗ ತುಂಬಲ್ಲ, ಆದರೆ ಶುಕ್ರವಾರದ್ದು ತುಂಬುತ್ತೆ. ಪ್ಯಾರಿಸ್ಸಿನ ನಡುರಾತ್ರಿ 12ಕ್ಕೆ ಹೊಸ ದಿನಾಂಕ ತೆರೆದರೆ ಅಲ್ಲಿ ಬೇಸಿಗೆಯ ಸಮಯ ಇರುವಾಗ ನಮ್ಮಲ್ಲಿ ಬೆಳಗಿನ 3:30, ಅಲ್ಲಿ ಚಳಿಗಾಲದ ಸಮಯ ಶುರುವಾದ ಮೇಲೆ 4:30. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತೆ, ನಿಮ್ಮ ತಾರೀಕು ನೋಡಿಕೊಳ್ಳಿ.

ರಜೆ ಇನ್ನೊಂದು ಗುಂಡಿ. ಒಳ್ಳೆಯ ಅಡುಗೆಮನೆಗಳು ಭಾನುವಾರ, ಸೋಮವಾರ ಮುಚ್ಚಿರುತ್ತವೆ. ಪ್ಯಾರಿಸ್ಸಿನಲ್ಲಿ ಶನಿವಾರ, ಭಾನುವಾರ ಮುಚ್ಚುವವರೂ ಇದ್ದಾರೆ. ಆಗಸ್ಟಿನಲ್ಲಂತೂ ಎರಡು ಮೂರು ವಾರ ಬೀಗ. ಹಾಗಾಗಿ ನಾಲ್ಕು ದಿನದ ಪ್ರವಾಸದಲ್ಲಿ ಕೈಗೆ ಸಿಗೋದು ಎರಡೇ ಮಧ್ಯಾಹ್ನ ಇರಬಹುದು. ವಿಮಾನದ ಟಿಕೆಟ್ ತೆಗೆಯುವಾಗಲೇ ಮಂಗಳವಾರದಿಂದ ಶುಕ್ರವಾರ ಪ್ಯಾರಿಸ್ಸಿನಲ್ಲಿ ಬೀಳುವ ಹಾಗೆ ನೋಡಿ.

ಬುಕಿಂಗ್ ವೇಳೆ ಕಾರ್ಡ್ ನಂಬರ್ ಕೇಳುತ್ತಾರೆ. ಅದು ಮುಂಗಡ ಅಲ್ಲ, ಬಾರದೇ ಹೋದರೆ ತಲೆಗೆ ಇಷ್ಟು ಅಂತ ಕತ್ತರಿಸಿಕೊಳ್ಳಲು. ಸಾಮಾನ್ಯವಾಗಿ 24 ಅಥವಾ 48 ಗಂಟೆ ಮುಂಚೆ ರದ್ದು ಮಾಡಿದರೆ ಏನೂ ಹೋಗಲ್ಲ. ಇದರಲ್ಲೇ ಒಂದು ಕಿಂಡಿಯೂ ಇದೆ: ಜನ ರದ್ದು ಮಾಡೋದು ಆ ಗಡುವಿಗೆ ಸ್ವಲ್ಪ ಮುಂಚೆಯೇ. ಹಾಗಾಗಿ ‘ಪೂರ್ತಿ ಭರ್ತಿ’ ಅಂತ ತೋರಿಸುವ ಕಡೆ, ಬೇಕಾದ ದಿನಕ್ಕೆ ಎರಡು ಮೂರು ದಿನ ಇರುವಾಗ ಮತ್ತೆ ನೋಡಿ. ವೇಟಿಂಗ್ ಲಿಸ್ಟಿಗೆ ಹೆಸರು ಹಾಕಿದ್ದರೆ ಇಮೇಲ್ ಬರೋದೂ ಆಗಲೇ.

ಈ ಕಾರ್ಡ್ ಹಂತವನ್ನು ಬೆಂಗಳೂರಲ್ಲೇ ಮುಗಿಸಿ ಹೊರಡಿ. ಓಟಿಪಿ ಬರಬೇಕಾದ ಸಿಮ್ ಅಲ್ಲಿ ರೋಮಿಂಗಿನಲ್ಲಿ ಇಲ್ಲದಿದ್ದರೆ ಬುಕಿಂಗ್ ಅರ್ಧಕ್ಕೇ ನಿಲ್ಲುತ್ತೆ.

ಸಂಜೆಮಲ್ಲಿಗೆ

ಕಾರ್ಡಿನ ವಿಷಯ ಬಂತಲ್ಲ. ಮೆಷಿನ್ನಲ್ಲಿ ರೂಪಾಯಿನಾ ಯೂರೋನಾ ಅಂತ ಕೇಳುತ್ತೆ. ರೂಪಾಯಿ ಒತ್ತಿದರೆ ಎಷ್ಟು ಹೋಯಿತು ಅಂತ ಅಲ್ಲೇ ಗೊತ್ತಾಗುತ್ತಲ್ಲ, ಅದೇ ಒಳ್ಳೇದಲ್ವಾ?

ಲೆಕ್ಕದಪುಸ್ತಕ

ಅದೇ ಬಲೆ ಮೇಡಂ. ರೂಪಾಯಿ ಒತ್ತಿದರೆ ವಿನಿಮಯ ದರ ನಿಗದಿ ಮಾಡೋದು ಆ ಮೆಷಿನ್ನಿನ ಕಂಪನಿ, ತನ್ನ ಲಾಭ ಸೇರಿಸಿಕೊಂಡು. ಅದರ ಮೇಲೂ ನಮ್ಮ ಬ್ಯಾಂಕು ತನ್ನ ಶುಲ್ಕ ಹಾಕುವ ಸಾಧ್ಯತೆ ಇದೆ. ಯಾವಾಗಲೂ ಆ ದೇಶದ ಹಣವನ್ನೇ ಒತ್ತಿ. ಮಾಣಿ ಮೆಷಿನ್ ತಂದಾಗ ತಾನೇ ಒತ್ತಿಬಿಡುವುದೂ ಉಂಟು, ಕೈಗೆ ತೆಗೆದುಕೊಂಡು ನೋಡಿ.

ನಮ್ಮ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿಗೆ 3.5% ಶುಲ್ಕ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 4.13%. ಮೇಲಿನ 181 ಯೂರೋ ಬಿಲ್ಲಿಗೆ ಸುಮಾರು ಏಳೂವರೆ ಯೂರೋ ಬ್ಯಾಂಕಿಗೆ. ಈ ಶುಲ್ಕ ಇಲ್ಲದ ಕಾರ್ಡುಗಳೂ ಇವೆ. ಮತ್ತೆ, ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಆಗಿದೆಯಾ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತೆ.

ಕರಿಬೇವು

ಸಸ್ಯಾಹಾರದ ಬಗ್ಗೆ ಯಾರೂ ಕೈ ಹಾಕಿಲ್ಲ, ಕಷ್ಟದ ಭಾಗ ಅದೇ.

ಮೊದಲನೆಯದು ಸಮಯ. ಮಧ್ಯಾಹ್ನದ ಮೆನ್ಯು ಅಗ್ಗ ಆಗೋದೇ ಅಡುಗೆಮನೆಯಲ್ಲಿ ಎಲ್ಲ ಬೆಳಿಗ್ಗೆಯೇ ತಯಾರಾಗಿ ಕೂತಿರುತ್ತೆ ಅನ್ನೋದಕ್ಕೆ. ಸಾಸಿನ ಸಾರ ಹಿಂದಿನ ದಿನ ಕುದಿಸಿರುತ್ತಾರೆ. ಅಲ್ಲಿ ಹೋಗಿ ಕೂತು ‘ವೆಜ್’ ಅಂದರೆ ಮಾಂಸದ ಪಕ್ಕ ಅಲಂಕಾರಕ್ಕಿಡುವ ಮೂರು ಕ್ಯಾರೆಟ್ಟು, ಆಲೂಗಡ್ಡೆ ಸೇರಿಸಿ ಕೊಡುತ್ತಾರೆ, ದುಡ್ಡು ಪೂರ್ತಿ. ಅದೇ ಬುಕಿಂಗ್ ವೇಳೆ ಬರೆದು, ಮೂರು ದಿನ ಮುಂಚೆ ಇಮೇಲಿನಲ್ಲಿ ಮತ್ತೆ ನೆನಪಿಸಿದರೆ ತರಕಾರಿಗೆಂದೇ ಯೋಚಿಸಿದ ಊಟ ಸಿಗುತ್ತೆ. ಕೆಲವರು ‘ಆಗಲ್ಲ’ ಅಂತ ಉತ್ತರಿಸುತ್ತಾರೆ. ಅದೂ ಒಳ್ಳೇದೇ, ಬೇರೆ ಕಡೆ ನೋಡಿಕೊಳ್ಳಬಹುದು.

ಎರಡನೆಯದು ಮಾತು. ‘ವೆಜಿಟೇರಿಯನ್’ ಅಂತ ಒಂದೇ ಪದ ಬರೆಯಬೇಡಿ, ಮೀನು ಆಗುತ್ತೆ ಅಂತ ಅಂದುಕೊಳ್ಳುವವರು ಇನ್ನೂ ಇದ್ದಾರೆ. ಹೀಗೆ ಬಿಡಿಸಿ: ಮಾಂಸ ಇಲ್ಲ, ಮೀನು ಇಲ್ಲ, ಮಾಂಸದ ಸಾರ ಇಲ್ಲ, ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಇಲ್ಲ, ಮೊಟ್ಟೆ ಇಲ್ಲ, ಹಾಲು, ಬೆಣ್ಣೆ, ಕೆನೆ ಆಗುತ್ತೆ. ಕೊನೆಯ ಮಾತು ಮರೆಯಬೇಡಿ. ಅದನ್ನು ಬರೆಯದಿದ್ದರೆ ‘ವೀಗನ್’ ಅಂದುಕೊಂಡು ಬೆಣ್ಣೆಯನ್ನೂ ಕಿತ್ತುಹಾಕುತ್ತಾರೆ, ಫ್ರೆಂಚ್ ಅಡುಗೆಯಲ್ಲಿ ಬೆಣ್ಣೆ ತೆಗೆದರೆ ಏನುಳಿಯುತ್ತೆ? ಬಾಯಲ್ಲಿ ಹೇಳಲು ‘ನಿ ವ್ಯಾಂದ್, ನಿ ಪ್ವಾಸೋಂ, ನಿ ಬುಯೋಂ ದ ವ್ಯಾಂದ್, ನಿ ಎ’ ಸಾಕು.

ಎಲ್ಲೆಲ್ಲಿ ಅಡಗಿರುತ್ತೆ ಅಂತ ನೋಡಿ. ಈರುಳ್ಳಿ ಸೂಪು: ಮೇಲೆ ಬರೀ ಈರುಳ್ಳಿ, ಚೀಸು, ಆದರೆ ಕುದಿಸೋದು ಸಾಮಾನ್ಯವಾಗಿ ದನದ ಮಾಂಸದ ಸಾರದಲ್ಲಿ. ಬೇಯಿಸಿದ ಮಸೂರ ಬೇಳೆಯ ತಟ್ಟೆಯಲ್ಲಿ ‘ಲಾರ್ದೋಂ’, ಅಂದರೆ ಹಂದಿಯ ಸಣ್ಣ ತುಂಡು. ಕಂದು ಬಣ್ಣದ ಹೊಳೆಯುವ ಸಾಸು ಯಾವುದೇ ಇರಲಿ, ತಳದಲ್ಲಿ ‘ಫೋಂ ದ ವೋ’, ಕರುವಿನ ಮೂಳೆಯ ಸಾರ ಇದೆ ಅಂತಲೇ ಹಿಡಿಯಿರಿ. ಮೂಸ್, ಪನ್ನಾ ಕೋಟಾದಂಥ ಸಿಹಿಗಳಲ್ಲಿ ಜೆಲಟಿನ್. ಪಾರ್ಮೆಜಾನ್ ಚೀಸಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯ ರೆನೆಟ್ಟಿನಿಂದ, ಆ ಚೀಸಿನ ನಿಯಮವೇ ಹಾಗೆ. ಗ್ರಾನಾ ಪಡಾನೋ ಕೂಡ ಅಷ್ಟೇ. ಇದನ್ನು ಪಾಲಿಸುವವರು ಇಮೇಲಿನಲ್ಲಿ ಬೇರೆಯಾಗಿ ಬರೆಯಬೇಕು, ತಾವಾಗಿ ಯಾರಿಗೂ ಹೊಳೆಯಲ್ಲ.

ಮೊಟ್ಟೆ ಇಲ್ಲದ ಸಿಹಿ ಎಲ್ಲಕ್ಕಿಂತ ಕಷ್ಟ. ಕ್ರೆಮ್ ಬ್ರುಲೆ, ಸುಫ್ಲೆ, ಐಸ್‌ಕ್ರೀಮ್, ಕೇಕು, ಎಲ್ಲದರಲ್ಲೂ ಮೊಟ್ಟೆ. ಹಣ್ಣಿನ ಸೋರ್ಬೆ (ಹಾಲಿಲ್ಲದ ಐಸ್‌ಕ್ರೀಮಿನಂಥದ್ದು) ಸಾಮಾನ್ಯವಾಗಿ ಕ್ಷೇಮ. ಮೊಟ್ಟೆ ಬೇಡ ಅನ್ನುವವರಿಗೆ ಮೂರು ತಟ್ಟೆಯ ಮೆನ್ಯುಗಿಂತ ಆಂತ್ರೆ, ಪ್ಲಾ ಇರುವ ಫೊರ್ಮುಲ್ ತೆಗೆದುಕೊಳ್ಳೋದು ಲಾಭ. ಸೋರ್ಬೆಗೋಸ್ಕರ ಹತ್ತು ಹನ್ನೆರಡು ಯೂರೋ ಜಾಸ್ತಿ ಯಾಕೆ?

ದೋಸೆಕಾವಲಿ

ಕರಿಬೇವು ಅವರೇ, ಇದು ಪ್ರಿಂಟ್ ತೆಗೆದು ಇಟ್ಟುಕೊಳ್ಳುವಂಥದ್ದು. ಮ್ಯಾಡ್ರಿಡ್ಡಲ್ಲೂ ಇದೇ ಕಥೆನಾ?

ಕರಿಬೇವು

ಅಲ್ಲಿ ಬೇರೆ ಕಥೆ. ಸ್ಪೇನಿನಲ್ಲಿ ‘ಮೆನು ದೆಲ್ ದಿಯಾ’ ಅಂತ ಇದೆ, 1960ರ ದಶಕದಲ್ಲಿ ಪ್ರವಾಸಿಗರಿಗೆ ನಿಗದಿ ದರದ ಊಟ ಸಿಗಲಿ ಅಂತ ಸರ್ಕಾರವೇ ಕಡ್ಡಾಯ ಮಾಡಿದ್ದರಿಂದ ಬೇರೂರಿದ ಪದ್ಧತಿ. ಮೊದಲ ತಟ್ಟೆ, ಎರಡನೇ ತಟ್ಟೆ, ಬ್ರೆಡ್ಡು, ಕುಡಿಯಲು ಒಂದು, ಕೊನೆಗೆ ಸಿಹಿ ಅಥವಾ ಕಾಫಿ. ಸಾಧಾರಣ ಕಡೆ 12ರಿಂದ 18 ಯೂರೋ. ಸ್ವಲ್ಪ ಮೇಲಿನ ದರ್ಜೆಯ ಅಡುಗೆಮನೆಗಳೂ 25-35ಕ್ಕೆ ‘ಮೆನು ಎಹೆಕುತಿವೊ’ ಇಡುತ್ತವೆ. ಕೊಟ್ಟ ಕಾಸಿಗೆ ಪ್ಯಾರಿಸ್ಸಿಗಿಂತ ಮ್ಯಾಡ್ರಿಡ್ ಮೇಲು. ಶನಿವಾರ, ಭಾನುವಾರ ಇದು ಸಿಗಲ್ಲ, ಸಿಕ್ಕರೂ ದರ ಜಾಸ್ತಿ. ಹೊರಗೆ ಟೆರೇಸಿನಲ್ಲಿ ಕೂತರೆ ಕೆಲವು ಕಡೆ ಹೆಚ್ಚುವರಿ ಹಾಕುತ್ತಾರೆ.

ಊಟದ ಹೊತ್ತು ಮಧ್ಯಾಹ್ನ 1:30ರ ಮೇಲೆ. ಹನ್ನೆರಡೂವರೆಗೆ ಹೋದರೆ ಅಡುಗೆಮನೆಯೇ ಶುರುವಾಗಿರಲ್ಲ. ನೀರಿಗೆ ‘ಆಗ್ವಾ ದೆಲ್ ಗ್ರಿಫೊ’ ಅನ್ನಿ, 2022ರ ಕಾನೂನಿನಿಂದ ಅಲ್ಲೂ ನಲ್ಲಿ ನೀರು ಉಚಿತ.

ಸಸ್ಯಾಹಾರಿಗೆ ಮೊದಲ ತಟ್ಟೆಯ ಪಟ್ಟಿಯಲ್ಲಿ ಆಸೆ ಹುಟ್ಟಿಸುವ ಹೆಸರುಗಳಿರುತ್ತವೆ, ಮೋಸ ಹೋಗಬೇಡಿ. ‘ಎನ್ಸಲಾದಾ ಮಿಕ್ಸ್ತಾ’ ಅನ್ನುವ ಸಾದಾ ಸಲಾಡಿನ ಮೇಲೆ ಡಬ್ಬಿಯ ಟ್ಯೂನಾ ಮೀನು, ಬೇಯಿಸಿದ ಮೊಟ್ಟೆ. ತರಕಾರಿ ಪಲ್ಯದಂಥ ‘ಮೆನೆಸ್ತ್ರಾ’ದಲ್ಲಿ ಹಂದಿಯ ಹಮೋನ್. ‘ಸಿನ್ ಕಾರ್ನೆ’, ಮಾಂಸ ಬೇಡ ಅಂದರೂ ಹಮೋನ್ ಬರಬಹುದು. ಅವರಿಗೆ ಹಮೋನ್ ಮಾಂಸದ ಲೆಕ್ಕಕ್ಕೇ ಇಲ್ಲ. ‘ಸಿನ್ ಹಮೋನ್, ಸಿನ್ ಅತೂನ್, ಸಿನ್ ವೆವೊ’ ಅಂತ ಒಂದೊಂದೇ ಹೇಳಿ. ಮೊದಲ ತಟ್ಟೆಯಲ್ಲಿ ಆಗುವಂಥದ್ದು ಎರಡಿದ್ದರೆ ‘ದೋಸ್ ಪ್ರಿಮೇರೋಸ್’ ಕೇಳಿ, ಎರಡನೇ ತಟ್ಟೆಯ ಬದಲು ಇನ್ನೊಂದು ಮೊದಲ ತಟ್ಟೆ ಕೊಡುವ ರೂಢಿ ಅನೇಕ ಕಡೆ ಇದೆ.

ಧಾರವಾಡಪೇಡಾ

ಯುರೋಪ್ ಆತು. ಪೂರ್ವದ ಕಡೆ ಹೋಗೋರಿಗೂ ಒಂದಿಷ್ಟು ಹೇಳ್ರಿ. ಕ್ಯೋಟೊ, ಸಿಂಗಪುರ ಈಗ ನಮ್ಮ ಮಂದಿ ಭಾಳ ಹೊಂಟಾರ.

ಕೊಡೆಮಡಚಿದವ

ಜಪಾನಿನಲ್ಲೂ ಮಧ್ಯಾಹ್ನದ್ದೇ ಮಂತ್ರ, ಅಂತರ ಇನ್ನೂ ದೊಡ್ಡದು. ರಾತ್ರಿ 15,000 ಯೆನ್ನಿನಿಂದ ಶುರುವಾಗುವ ಕೈಸೆಕಿ (ಹಲವು ತಟ್ಟೆಗಳ ಸಾಂಪ್ರದಾಯಿಕ ಊಟ) ಮನೆಗಳಲ್ಲಿ ಕೆಲವು ಮಧ್ಯಾಹ್ನ ‘ಶೋಕಾದೋ ಬೆಂತೋ’ ಕೊಡುತ್ತವೆ: ಅಡ್ಡ ಪಟ್ಟಿಯಿಂದ ನಾಲ್ಕು ಮನೆ ಮಾಡಿದ ಅರಗಿನ ಪೆಟ್ಟಿಗೆ, ಒಂದೊಂದರಲ್ಲಿ ಒಂದೊಂದು ಬಗೆ, ಜೊತೆಗೆ ಸಾರು, ಅನ್ನ. 3,000ದಿಂದ 6,000 ಯೆನ್ ಒಳಗೆ ಆಗುತ್ತೆ. ಟಿಪ್ಸ್ ಇಲ್ಲವೇ ಇಲ್ಲ, ಇಟ್ಟರೆ ಹಿಂದೆ ಓಡಿಬಂದು ವಾಪಸ್ ಕೊಡುತ್ತಾರೆ. ದುಬಾರಿ ಕಡೆ 10-15% ಸರ್ವಿಸ್ ಚಾರ್ಜ್ ಬಿಲ್ಲಿನಲ್ಲೇ ಇರಬಹುದು. ಅದೇ ದಿನ ರದ್ದು ಮಾಡಿದರೆ ಪೂರ್ತಿ ಹಣ ಹಿಡಿಯುವವರು ಜಾಸ್ತಿ. ಸುಶಿ ಕೌಂಟರಿಗೆ ಸೆಂಟು ಹಾಕಿಕೊಂಡು ಹೋಗಬೇಡಿ, ಮೀನಿನ ಪರಿಮಳ ಕೆಡುತ್ತೆ ಅಂತ ಒಳಗೆ ಬಿಡದೆಯೂ ಇರಬಹುದು.

ಸಸ್ಯಾಹಾರಿಗೆ ಅಲ್ಲಿನ ಶತ್ರು ‘ದಾಶಿ’. ಒಣಗಿಸಿದ ಬೊನಿಟೊ ಮೀನಿನ ಸಾರ. ಮಿಸೊ ಸೂಪು, ಬೇಯಿಸಿದ ಮೂಲಂಗಿ, ತೆಂಪುರಾ ಅದ್ದುವ ರಸ, ಎಲ್ಲದರ ತಳದಲ್ಲೂ ಇದೇ. ತರಕಾರಿ ಮಾತ್ರ ಇರುವ ತಟ್ಟೆಯನ್ನು ಅವರು ಮನಃಪೂರ್ವಕವಾಗಿಯೇ ‘ತರಕಾರಿಯದು’ ಅನ್ನುತ್ತಾರೆ, ಸುಳ್ಳಲ್ಲ. ಇದಕ್ಕೆ ಪರಿಹಾರ ‘ಶೋಜಿನ್ ರ್ಯೋರಿ’, ಬೌದ್ಧ ಮಠಗಳ ಅಡುಗೆ. ಸಾಂಪ್ರದಾಯಿಕವಾಗಿ ಸಾರ ತೆಗೆಯೋದು ಕೊಂಬು ಕಡಲಪಾಚಿ, ಒಣ ಅಣಬೆಯಿಂದ; ಈರುಳ್ಳಿ, ಬೆಳ್ಳುಳ್ಳಿ ಕೂಡ ನಿಷಿದ್ಧ. ನಮ್ಮ ಮಡಿ ಅಡುಗೆಯವರಿಗೆ ಇದಕ್ಕಿಂತ ಒಳ್ಳೆಯದು ಏನು ಬೇಕು? ಕ್ಯೋಟೊದ ಅರಶಿಯಾಮಾದಲ್ಲಿ ತೆನ್ರ್ಯೂಜಿ ದೇವಾಲಯದ ಆವರಣದಲ್ಲೇ ‘ಶಿಗೆತ್ಸು’ ಇದೆ. ಅಲ್ಲಿನ ‘ಯುಕಿ’ ಅನ್ನುವ ಊಟ ಒಂದು ಸಾರು, ಐದು ಬಗೆ. ಕೆಂಪು ಅರಗಿನ ಬಟ್ಟಲುಗಳಲ್ಲಿ ಎಳ್ಳಿನ ತೋಫು, ಹಂಗಾಮಿನ ತರಕಾರಿ. ತೋಟದ ಪ್ರವೇಶ ಶುಲ್ಕ ಬೇರೆ ಕೊಡಬೇಕು, ನೆಲದ ಮೇಲೆ ಸಾಲಾಗಿ ಕೂರಬೇಕು. ನಮಗೆ ಪಂಕ್ತಿ ಊಟ ಹೊಸದಲ್ಲವಲ್ಲ.

ಲೆಕ್ಕದಪುಸ್ತಕ

ಸಿಂಗಪುರದಲ್ಲಿ ದರದ ಮುಂದಿರುವ ‘++’ ಗುರುತು ನೋಡಿ. ಮೊದಲ ಪ್ಲಸ್ 10% ಸರ್ವಿಸ್ ಚಾರ್ಜ್, ಎರಡನೆಯದು ಜಿಎಸ್‌ಟಿ, 2024ರ ಜನವರಿಯಿಂದ 9%. ತೆರಿಗೆ ಬೀಳೋದು ಸರ್ವಿಸ್ ಸೇರಿಸಿದ ಮೊತ್ತದ ಮೇಲೆ. ಅಂದರೆ 68++ ಊಟ: 68 ಹೋಗಿ 74.80, ಅದು ಹೋಗಿ 81.53 ಡಾಲರ್. ಬ್ಯಾಂಕಾಕಿನಲ್ಲೂ ಇದೇ ಗುರುತು, ಅಲ್ಲಿ ತೆರಿಗೆ 7%, ಹಾಗಾಗಿ 1.177ರಿಂದ ಗುಣಿಸಿ. ಸಿಂಗಪುರದ ಚೀನೀ ರೆಸ್ಟೋರೆಂಟುಗಳಲ್ಲಿ ಕೂತ ಕೂಡಲೇ ಮೇಜಿಗೆ ಬರುವ ಕಡಲೆಕಾಯಿ, ಒದ್ದೆ ಟಿಶ್ಯೂ, ಚಹಾ ಮೂರಕ್ಕೂ ದುಡ್ಡು. ಬೇಡ ಅಂದರೆ ವಾಪಸ್ ಒಯ್ಯುತ್ತಾರೆ, ಮುಟ್ಟುವ ಮುಂಚೆ ಹೇಳಬೇಕು.

ನ್ಯೂಯಾರ್ಕ್ ಉಲ್ಟಾ. ಪಟ್ಟಿಯ ದರದಲ್ಲಿ ಏನೂ ಸೇರಿರಲ್ಲ. 60 ಡಾಲರಿಗೆ 8.875% ತೆರಿಗೆ 5.33, 20% ಟಿಪ್ಸ್ 12, ಒಟ್ಟು 77.33. ಲಂಡನ್ನಿನಲ್ಲಿ ತೆರಿಗೆ ದರದೊಳಗೇ ಇರುತ್ತೆ, ಆದರೆ ಬಿಲ್ಲಿನ ಕೊನೆಯಲ್ಲಿ ಸಾಮಾನ್ಯವಾಗಿ 12.5% ‘ಐಚ್ಛಿಕ’ ಸರ್ವಿಸ್ ಸೇರಿಸಿರುತ್ತಾರೆ. ಅದನ್ನು ಕೊಟ್ಟ ಮೇಲೆ ಮತ್ತೆ ಟಿಪ್ಸ್ ಬೇಡ.

ಸಂಜೆಮಲ್ಲಿಗೆ

ಅಡುಗೆ ಕಾಲೇಜುಗಳ ರೆಸ್ಟೋರೆಂಟುಗಳನ್ನು ಎಲ್ಲರೂ ಮರೆತಿರಿ. ಪ್ಯಾರಿಸ್ಸಿನ ಫೆರಾಂದಿ ಶಾಲೆಯಲ್ಲಿ ‘ಲ ಪ್ರೆಮಿಯೆ’, ‘ಲ 28’ ಅಂತ ಎರಡಿವೆ. ವಿದ್ಯಾರ್ಥಿಗಳು ಅಡುಗೆ ಮಾಡಿ ಬಡಿಸುತ್ತಾರೆ, ಹಿಂದೆ ಮೇಷ್ಟ್ರುಗಳು ನಿಂತಿರುತ್ತಾರೆ. ಲಂಡನ್ನಿನಲ್ಲಿ ಕ್ಯಾಪಿಟಲ್ ಸಿಟಿ ಕಾಲೇಜಿನ (ಹಿಂದೆ ವೆಸ್ಟ್‌ಮಿನ್‌ಸ್ಟರ್ ಕಿಂಗ್ಸ್‌ವೇ ಕಾಲೇಜು) ‘ವಿನ್ಸೆಂಟ್ ರೂಮ್ಸ್’. ಸ್ಟಾರ್ ಊಟಕ್ಕಿಂತ ಬಹಳ ಕಡಿಮೆ ದರ. ಕಾಲೇಜಿಗೆ ರಜೆ ಅಂದರೆ ಊಟಕ್ಕೂ ರಜೆ, ಮತ್ತೆ ಬಡಿಸೋದು ನಿಧಾನ. ಸಾಸು ಚೆಲ್ಲಿದರೆ ನಕ್ಕು ಸುಮ್ಮನಿರಿ, ಪಾಪ ಅವರಿಗೆ ಅದಕ್ಕೂ ಮಾರ್ಕ್ಸ್ ಇರುತ್ತೆ.

ಲೆಕ್ಕದಪುಸ್ತಕ

ಒಳ್ಳೆಯದನ್ನೇ ನೆನಪಿಸಿದಿರಿ. ಆದರೆ ದೋಸೆಕಾವಲಿ ಅವರೇ, ಫ್ರಾನ್ಸಿನ ಶಾಲೆಗಳಿಗೆ ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡು ವಾರ ರಜೆ ಇರುತ್ತೆ. ನಿಮ್ಮ ದಿನಾಂಕ ತಿಂಗಳ ಮೊದಲಾರ್ಧದಲ್ಲಿದ್ದರೆ ಮಾತ್ರ ಇದರ ಆಸೆ ಇಟ್ಟುಕೊಳ್ಳಿ.

ದೋಸೆಕಾವಲಿ

7ರಿಂದ 10, ಮಂಗಳವಾರದಿಂದ ಶುಕ್ರವಾರ ಪ್ಯಾರಿಸ್ ಅಂತ ಬದಲಾಯಿಸಿಕೊಂಡೆ. ಒಂದು ಮಧ್ಯಾಹ್ನ ಸ್ಟಾರ್, ಒಂದು ಮಧ್ಯಾಹ್ನ ಅಡುಗೆ ಶಾಲೆ. ಇಮೇಲ್ ಕರಿಬೇವು ಅವರು ಹೇಳಿದ ಹಾಗೆ ಬಿಡಿಸಿ ಬರೆದು ಕಳಿಸುತ್ತೇನೆ. ಕೊನೆಯದೊಂದು: ಬಟ್ಟೆ ಹೇಗಿರಬೇಕು? ಕೋಟ್ ಹೊತ್ತುಕೊಂಡು ಹೋಗಬೇಕಾ?

ಧಾರವಾಡಪೇಡಾ

ಕೋಟ್ ಏನೂ ಬ್ಯಾಡ್ರಿ. ಮಧ್ಯಾಹ್ನಕ್ಕ ಕಾಲರ್ ಇರೂ ಅಂಗಿ, ಉದ್ದ ಪ್ಯಾಂಟು, ಮುಚ್ಚಿದ ಶೂ ಸಾಕು. ಚಡ್ಡಿ, ಚಪ್ಪಲಿ, ಬೆನ್ನಮ್ಯಾಗ ಟ್ರೆಕ್ಕಿಂಗ್ ಚೀಲ ಬ್ಯಾಡ. ಚೀಲ ಇದ್ರ ಬಾಗಲದಾಗ ಇಸ್ಕೊಂಡು ಇಡ್ತಾರ, ಅದಕ್ಕ ರೊಕ್ಕ ಇಲ್ಲ. ಸೀರಿ ಉಟ್ಕೊಂಡು ಹೋದ್ರ ಎಲ್ಲಾ ಕಡೆ ನಡೀತದ.

ಕರಿಬೇವು

ಇಮೇಲಿಗೆ ‘ಒಪ್ಪಿದೆ’ ಅಂತ ಉತ್ತರ ಬಂದರೂ ಅಲ್ಲಿಗೆ ಬಿಡಬೇಡಿ. ಆ ಉತ್ತರವನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು, ಕೂತ ಕೂಡಲೇ, ಮೊದಲ ಪುಟ್ಟ ತುತ್ತು ಬರುವ ಮುಂಚೆಯೇ ತೋರಿಸಿ. ಮುಖ್ಯ ತಟ್ಟೆ ನೆನಪಿಟ್ಟು ಬದಲಾಯಿಸಿರುತ್ತಾರೆ, ಪುಕ್ಕಟೆ ಬರುವ ಆ ತುತ್ತನ್ನೇ ಮರೆತಿರುತ್ತಾರೆ.